ಕೂಸು ಬರುವುದು ಎರಡು ಮನೆಗೆ

ಚಾಮರಾಜನಗರದ ಹರವೆ ಸೀಮೆಯಲ್ಲಿ ಚೊಚ್ಚಲ ಹೆರಿಗೆ ಎಂದರೆ ಅದು ತವರಿನ ಜವಾಬ್ದಾರಿ. ಏಳರಲ್ಲೋ ಒಂಬತ್ತರಲ್ಲೋ ಸೀಮಂತ ಮಾಡಿ, ಬಳೆ ತೊಡಿಸಿ, ಮಡಿಲು ತುಂಬಿ ಮಗಳನ್ನು ಕರೆದುಕೊಂಡು ಹೋಗುತ್ತಾರೆ. ಹೆರಿಗೆ, ಬಾಣಂತನ ಎಲ್ಲ ಅಲ್ಲೇ. ಮೂರು ತಿಂಗಳಿಗೋ ಐದು ತಿಂಗಳಿಗೋ ತಾಯಿ-ಕೂಸು ಗಂಡನ ಮನೆಗೆ ಮರಳುತ್ತಾರೆ. ಗುಂಡ್ಲುಪೇಟೆ ಕಡೆಯ ಹೆಣ್ಣು ಹರವೆಗೆ ಸೊಸೆ. ಹರವೆಯ ಹೆಣ್ಣು ನಂಜನಗೂಡಿಗೋ ಕೊಳ್ಳೇಗಾಲಕ್ಕೋ ಗಡಿಯಾಚೆ ತಮಿಳುನಾಡಿನ ತಾಳವಾಡಿಗೋ ಸೊಸೆ. ಹೀಗಾಗಿ ನಮ್ಮಲ್ಲಿ ಕೂಸು ಬರುವುದು ಒಂದು ಮನೆಗಲ್ಲ, ಎರಡು ಮನೆಗೆ.

ಮಗುವಿಗಾಗಿ ಮನೆಯನ್ನು ಅಣಿಗೊಳಿಸುವ ಬಗ್ಗೆ ಬರುವ ಸಲಹೆಗಳು ಬಹುಪಾಲು ಒಂದೇ ಮನೆ, ಒಂದೇ ಕೋಣೆ, ಜೊತೆಗೇ ಇರುವ ಗಂಡ-ಹೆಂಡತಿಯನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತವೆ. ಯಾವ ತೊಟ್ಟಿಲು, ಯಾವ ಬಟ್ಟೆ, ಗೋಡೆಗೆ ಯಾವ ಬಣ್ಣ ಎಂಬುದರಲ್ಲೇ ಮುಗಿದುಹೋಗುತ್ತವೆ. ನಮ್ಮ ಹಿರಿಯರಂತೂ ಕೂಸು ಹುಟ್ಟುವ ಮೊದಲು ಏನನ್ನೂ ತರಬಾರದು ಎನ್ನುತ್ತಾರೆ. ಆ ಮಾತನ್ನು ಉಳಿಸಿಕೊಂಡರೆ ನಷ್ಟವೇನಿಲ್ಲ. ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆ ನಾಲ್ಕಿದ್ದರೆ ಮೊದಲ ತಿಂಗಳ ಬಟ್ಟೆಯ ಚಿಂತೆ ಮುಗಿಯಿತು. ಮೊದಲೇ ಆಗಬೇಕಾದದ್ದು ಕಾಸು ಕೊಟ್ಟು ತರುವಂಥದ್ದಲ್ಲ. ಯಾರು ಏನು ಮಾಡಬೇಕು, ಎಲ್ಲಿಗೆ ಹೋಗಬೇಕು, ಮನೆಯ ಯಾವ ರೂಢಿಯನ್ನು ಇಟ್ಟುಕೊಂಡು ಯಾವುದನ್ನು ಬಿಡಬೇಕು ಎಂಬುದನ್ನು ಎರಡು ಮನೆಯವರೂ ಕೂತು ತೀರ್ಮಾನಿಸುವುದೇ ನಿಜವಾದ ತಯಾರಿ. ಆ ಮಾತುಕತೆ ನಡೆಯದೆ ಹೋದಾಗ, ಎರಡು ಊರಿನ ನಡುವಿನ ದಾರಿಯಲ್ಲಿ ಕೂಸಿಗೆ ಸಲ್ಲಬೇಕಾದದ್ದು ಒಂದೊಂದೇ ಕಳೆದುಹೋಗುತ್ತದೆ.

ಎರಡೂ ಊರಿನ ಪಟ್ಟಿಯಲ್ಲಿ ಹೆಸರು

ಬಸುರಿಯ ಹೆಸರು ಮೊದಲು ಬರೆಸುವುದು ಸಾಮಾನ್ಯವಾಗಿ ಗಂಡನ ಊರಿನ ಆಶಾ ಕಾರ್ಯಕರ್ತೆಯ ಬಳಿ. ತಾಯಿ ಕಾರ್ಡ್ ಸಿಗುವುದೂ ಅಲ್ಲೇ. ರಕ್ತದೊತ್ತಡ, ತೂಕ, ರಕ್ತದ ಅಂಶ, ಟಿಡಿ ಚುಚ್ಚುಮದ್ದು, ಕಬ್ಬಿಣಾಂಶದ ಮಾತ್ರೆ ಎಲ್ಲವೂ ಅದರಲ್ಲಿ ದಾಖಲಾಗುತ್ತವೆ. ಆಮೇಲೆ ಆಕೆ ತವರಿಗೆ ಹೋಗುತ್ತಾಳೆ. ಗಂಡನ ಊರಿನ ಆಶಾ 'ಆಕೆ ಊರಲ್ಲಿಲ್ಲ' ಎಂದು ಬರೆದುಕೊಳ್ಳುತ್ತಾರೆ. ತವರೂರಿನ ಆಶಾಗೆ ಆಕೆ ಬಂದದ್ದೇ ಗೊತ್ತಿರುವುದಿಲ್ಲ. ಯಾರದೂ ತಪ್ಪಿಲ್ಲದೆ ತಾಯಿ-ಮಗು ಎರಡು ಪಟ್ಟಿಯಿಂದಲೂ ಜಾರಿಬಿಡುತ್ತಾರೆ.

ಹೀಗಾಗದಂತೆ ಮಾಡುವುದು ಸುಲಭ. ತವರಿಗೆ ಬಂದ ವಾರದೊಳಗೆ ತಾಯಿ ಕಾರ್ಡ್ ಹಿಡಿದು ಅಲ್ಲಿನ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯನ್ನು ಕಾಣಬೇಕು. ಎರಡೂ ಊರಿನ ಆಶಾಗಳ ಫೋನ್ ನಂಬರನ್ನು ಕಾರ್ಡಿನ ಮೇಲೆಯೇ ಬರೆದಿಡಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ತಾಯಿ-ಕೂಸನ್ನು ನೋಡಬೇಕು. ಕೂಸಿನ ತೂಕ, ಮೈ ಬಿಸಿ, ಹೊಕ್ಕುಳು, ಹಾಲು ಕುಡಿಯುವ ಬಗೆ ಎಲ್ಲವನ್ನೂ ಅವರು ಪರೀಕ್ಷಿಸುತ್ತಾರೆ. ನವಜಾತ ಶಿಶುಗಳ ಸಾವು ಹೆಚ್ಚಾಗಿ ಸಂಭವಿಸುವುದು ಮೊದಲ ವಾರದಲ್ಲೇ ಆದ್ದರಿಂದ ಮೊದಲಿನ ಎರಡು ಭೇಟಿಗಳು ತಪ್ಪಲೇಬಾರದು.

ತಾಳವಾಡಿ ಕಡೆಗೆ ಹೆಣ್ಣು ಕೊಟ್ಟವರು, ಅಲ್ಲಿಂದ ತಂದವರು ಇನ್ನೂ ಎಚ್ಚರದಿಂದಿರಬೇಕು. ಆಡುವ ಮಾತು ಎರಡೂ ಕಡೆ ಕನ್ನಡವೇ ಆದರೂ ಸರ್ಕಾರ ಬೇರೆ, ಕಾರ್ಡ್ ಬೇರೆ. ಒಂದು ರಾಜ್ಯದಲ್ಲಿ ಬಸುರಿಯೆಂದು ಬರೆಸಿ ಇನ್ನೊಂದರಲ್ಲಿ ಹೆರುವವರು ನೋಂದಣಿಯಾದಾಗ ಸಿಕ್ಕ ಆರ್‌ಸಿಎಚ್ ಸಂಖ್ಯೆಯನ್ನು, ಸ್ಕ್ಯಾನಿಂಗ್ ವರದಿಗಳನ್ನು ಜೊತೆಯಲ್ಲೇ ಇಟ್ಟುಕೊಳ್ಳಬೇಕು. ಜನನ ನೋಂದಣಿ ಆಗುವುದು ಕೂಸು ಹುಟ್ಟಿದ ಊರಿನಲ್ಲಿ, 21 ದಿನದೊಳಗೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಿಸುವುದರಿಂದ ಹಿಡಿದು ಆಧಾರ್‌ವರೆಗೆ ಹುಟ್ಟಿದ ದಿನಕ್ಕೂ ಊರಿಗೂ ಜನನ ಪ್ರಮಾಣಪತ್ರವೇ ದಾಖಲೆ. ಗಂಡನ ಊರಿಗೆ ಹೊರಡುವ ಮೊದಲೇ ಅದನ್ನು ಕೈಗೆ ತೆಗೆದುಕೊಂಡುಬಿಡಿ.

ನೋವು ಬರುವ ಮೊದಲೇ ತೀರ್ಮಾನ

ನಡುರಾತ್ರಿ ನೋವು ಕಾಣಿಸಿಕೊಂಡಾಗ 'ಯಾವ ಆಸ್ಪತ್ರೆ?' ಎಂಬ ಮಾತು ಮನೆಯಲ್ಲಿ ಏಳಕೂಡದು. ಸರಳ ಹೆರಿಗೆ ಎಲ್ಲಿ, ತೊಡಕಾದರೆ ಎಲ್ಲಿ ಎಂಬುದು ಎಂಟನೇ ತಿಂಗಳಿಗೇ ಗೊತ್ತಿರಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ನಡೆಯುತ್ತದೆ. 2016ರಲ್ಲಿ ಶುರುವಾದ ಈ ವ್ಯವಸ್ಥೆಯ ಮುಖ್ಯ ಉದ್ದೇಶವೇ ತೊಡಕಿನ ಬಸಿರನ್ನು ಮೊದಲೇ ಗುರುತಿಸುವುದು. ರಕ್ತಹೀನತೆ, ಬಿಪಿ, ಸಕ್ಕರೆ, ಅವಳಿ, ಹಿಂದಿನ ಸಿಸೇರಿಯನ್ ಇದ್ದವರಿಗೆ ಚಾಮರಾಜನಗರದ ಜಿಲ್ಲಾಸ್ಪತ್ರೆ ಸಾಕೋ, ಅರವತ್ತು ಕಿಲೋಮೀಟರ್ ಆಚೆಯ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಹೋಗಬೇಕೋ ಎಂಬುದನ್ನು ಅಲ್ಲೇ ಕೇಳಿಕೊಳ್ಳಬಹುದು.

ಬಸುರಿಯ ರಕ್ತದ ಗುಂಪು ಮನೆಯವರೆಲ್ಲರಿಗೂ ಗೊತ್ತಿರಲಿ. ಅದೇ ಗುಂಪಿನ ಇಬ್ಬರು ನೆಂಟರಿಗೋ ಊರಿನವರಿಗೋ ಮೊದಲೇ ಹೇಳಿಡಿ. ಗುಂಪು ನೆಗೆಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್ ಬಗ್ಗೆ ವೈದ್ಯರನ್ನು ಕೇಳಲೇಬೇಕು. ಮುಂದಿನ ಬಸಿರಿನ ಕೂಸನ್ನು ಕಾಪಾಡುವ ಮದ್ದು ಅದು. 108ಕ್ಕೆ ಫೋನ್ ಮಾಡುವವರು ಯಾರು, ಆಂಬುಲೆನ್ಸ್ ತಡವಾದರೆ ಊರಿನ ಯಾರ ಗಾಡಿ, ಜೊತೆಗೆ ಹೋಗುವ ಹೆಂಗಸು ಯಾರು, ಮನೆಯಲ್ಲಿ ಉಳಿದು ದನ-ಕರು ನೋಡುವವರು ಯಾರು ಎಂಬುದೂ ಖಚಿತವಾಗಿರಲಿ. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಬಸುರಿಯ ಜೊತೆ ಒಬ್ಬ ಹೆಂಗಸು ಇರಬಹುದೆಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಧೈರ್ಯವಂತೆಯನ್ನು ಆರಿಸಿ, ಅಳುವವರನ್ನು ಹೊರಗೆ ಕೂರಿಸಿ.

ಇವುಗಳಲ್ಲಿ ಯಾವುದು ಕಂಡರೂ ನೋವು ಬರಲೆಂದು ಕಾಯದೆ ಹೊರಡಬೇಕು: ರಕ್ತಸ್ರಾವ, ತಡೆಯಲಾಗದ ತಲೆನೋವು, ಕಣ್ಣು ಮಂಜಾಗುವುದು, ಮುಖ-ಕೈ ಊದುವುದು, ಫಿಟ್ಸ್, ಜ್ವರ, ನೀರು ಒಡೆಯುವುದು, ಹೊಟ್ಟೆಯೊಳಗೆ ಕೂಸಿನ ಮಿಸುಕಾಟ ಕಡಿಮೆಯಾಗುವುದು. ಈ ಪಟ್ಟಿ ಗಂಡನಿಗೂ ಅತ್ತೆಗೂ ಅವ್ವನಿಗೂ ಬಾಯಿಪಾಠವಾಗಿರಬೇಕು.

ಬಾಣಂತಿ ಕೋಣೆಯ ಒಳಗೆ

2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಅಂದರೆ ಹೆರಿಗೆ ಆಸ್ಪತ್ರೆಗೆ ಹೋಯಿತು, ಬಾಣಂತನ ಮನೆಯಲ್ಲೇ ಉಳಿಯಿತು. ಆದ್ದರಿಂದ ತವರುಮನೆಯ ತಯಾರಿ ಎಂದರೆ ಮುಖ್ಯವಾಗಿ ಬಾಣಂತಿ ಕೋಣೆಯ ತಯಾರಿ.

ನಮ್ಮ ಕಡೆಯ ಬಾಣಂತಿ ಕೋಣೆಯನ್ನು ಒಮ್ಮೆ ಕಣ್ಣೆದುರು ತಂದುಕೊಳ್ಳಿ. ಕಿಟಕಿಯ ಸಂದಿಗೂ ಬಟ್ಟೆ ತುರುಕಿರುತ್ತದೆ. ಮಂಚದ ಕೆಳಗೆ ಕೆಂಡ. ಬೆಳಿಗ್ಗೆ-ಸಂಜೆ ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆ, ಓಮದ ಹೊಗೆ. ತಾಯಿಯ ತಲೆಗೂ ಕಿವಿಗೂ ಬಟ್ಟೆ ಬಿಗಿದಿರುತ್ತದೆ. ಬೆಚ್ಚಗಿರಬೇಕೆಂಬ ಹಿರಿಯರ ಲೆಕ್ಕ ಸರಿಯಾದದ್ದೇ. ಹಸುಗೂಸಿನ ಮೈ ಬೇಗ ತಣ್ಣಗಾಗುತ್ತದೆ. ಆದರೆ ಆ ಬಿಸಿ ಹೊಗೆಯಿಂದ ಬರಬಾರದು. ಮುಚ್ಚಿದ ಕೋಣೆಯ ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅದು ಮಲಗಿದವರನ್ನು ಮಲಗಿದಲ್ಲೇ ಕೊಲ್ಲಬಲ್ಲದು. ಹೊಗೆ ಕೂಸಿನ ಎಳೆಯ ಶ್ವಾಸಕೋಶಕ್ಕೆ ಹಾನಿ. ಒಂದು ಕಿಟಕಿ ತೆರೆದಿರಲಿ, ಗಾಳಿ ನೇರವಾಗಿ ತಾಯಿ-ಕೂಸಿನ ಮೇಲೆ ಬೀಸದಂತೆ ಮಂಚ ಹಾಕಿ, ಸೊಳ್ಳೆಪರದೆ ಕಟ್ಟಿ. ಸೌದೆ ಒಲೆ ಆ ಕೋಣೆಗೆ ಅಂಟಿಕೊಂಡಿದ್ದರೆ ಈಗಲೇ ಬೇರೆ ಕಡೆ ಸಾಗಿಸಿ.

ಕೂಸಿಗೆ ಎಲ್ಲಕ್ಕಿಂತ ಒಳ್ಳೆಯ ಬಿಸಿ ತಾಯಿಯ ಎದೆಯದು. ಬಟ್ಟೆಯಿಲ್ಲದ ಕೂಸನ್ನು ಬರಿ ಎದೆಗೆ ಒರಗಿಸಿ ಮೇಲೆ ಸೀರೆ ಸುತ್ತಿಕೊಳ್ಳುವುದಕ್ಕೆ ಕಾಂಗರೂ ಆರೈಕೆ ಎನ್ನುತ್ತಾರೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾ ನಗರದ ಆಸ್ಪತ್ರೆಯಲ್ಲಿ ಶುರುವಾದ ಈ ಕ್ರಮ ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸುಗಳ ಜೀವ ಉಳಿಸುತ್ತದೆ ಎಂಬುದು ಜಗತ್ತಿನಾದ್ಯಂತ ಒಪ್ಪಿತವಾಗಿದೆ. ಅಜ್ಜಿಯೂ ಹೀಗೆ ಎತ್ತಿಕೊಳ್ಳಬಹುದು, ಅಪ್ಪನೂ ಎತ್ತಿಕೊಳ್ಳಬಹುದು. ತವರಿಗೆ ಕೂಸನ್ನು ನೋಡಲು ಬಂದ ಅಳಿಯ ಪಡಸಾಲೆಯಲ್ಲಿ ಕಾಫಿ ಕುಡಿದು ಹೊರಡುವ ಬದಲು ಒಂದು ಗಂಟೆ ಹೀಗೆ ಕೂರಲಿ. ಅವನಿಗೆ ಆ ಕೋಣೆಯೊಳಗೆ ಜಾಗ ಮಾಡಿಕೊಡುವುದೂ ತವರಿನ ತಯಾರಿಯ ಒಂದು ಭಾಗವೇ.

ಇನ್ನು ನೀರು ಹಾಕುವ ಅಜ್ಜಿ. ಬಚ್ಚಲಲ್ಲಿ ಮಣೆ ಹಾಕಿ ಕೂತು, ಎರಡು ಕಾಲು ನೀಡಿ, ಅದರ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ನೀವುವ ಆ ಕೈಗಳಲ್ಲಿ ಎಷ್ಟೋ ವರ್ಷದ ಪಳಗಿಕೆ ಇರುತ್ತದೆ. ಹಗುರವಾಗಿ ನೀವುವುದು ಕೂಸಿಗೆ ಹಿತ, ನಿದ್ದೆಗೆ ಒಳ್ಳೆಯದು. ಆದರೆ ಆಕೆಯೊಂದಿಗೆ ಮೊದಲೇ ಕೂತು ಕೆಲವು ಮಾತು ಆಡಬೇಕು. ಹುಟ್ಟಿದ ಮೊದಲ 24 ಗಂಟೆ ಕೂಸಿಗೆ ನೀರು ಹಾಕಬಾರದು. ತೂಕ ಕಡಿಮೆ ಇದ್ದರೆ ವೈದ್ಯರು ಹೇಳುವವರೆಗೆ ಒರೆಸಿದರೆ ಸಾಕು. ನೀರಿನ ಬಿಸಿಯನ್ನು ಮೊಣಕೈ ಇಳಿಸಿ ನೋಡಬೇಕು. ಹೊಲದ ಕೆಲಸದಲ್ಲಿ ಒರಟಾದ ಅಂಗೈಗೆ ಬಿಸಿ ತಿಳಿಯುವುದಿಲ್ಲ. ಕಿವಿಗೆ, ಮೂಗಿಗೆ ಎಣ್ಣೆ ಬಿಡಬಾರದು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಮೂಗು ಊದುವುದು, ತಲೆಯನ್ನು ಒತ್ತಿ ದುಂಡಗೆ ಮಾಡುವುದು, ಮೊಲೆ ಹಿಂಡುವುದು ಬೇಡ. ಹೊಕ್ಕುಳಿಗೆ ಏನನ್ನೂ ಹಚ್ಚಬಾರದು. ಅರಿಸಿನ ಬೆಳೆಯುವ ಸೀಮೆ ನಮ್ಮದು, ಗಾಯ ಎಂದೊಡನೆ ಕೈ ಅರಿಸಿನದ ಡಬ್ಬಿಗೆ ಹೋಗುತ್ತದೆ. ಆದರೂ ಹೊಕ್ಕುಳಿಗೆ ಅರಿಸಿನವೂ ಬೇಡ, ಬೂದಿಯೂ ಬೇಡ. ಒಣಗಲು ಬಿಟ್ಟರೆ ಒಂದೆರಡು ವಾರದಲ್ಲಿ ಅದು ತಾನಾಗಿ ಉದುರುತ್ತದೆ.

ಕೂಸಿನ ಬಾಯಿಗೂ ಆರು ತಿಂಗಳು ಎದೆಹಾಲೊಂದೇ. ಮೊದಲ ದಿನಗಳ ಹಳದಿ ಹಾಲು ಹಿಂಡಿ ಚೆಲ್ಲುವಂಥದ್ದಲ್ಲ, ರೋಗ ತಡೆಯುವ ಶಕ್ತಿ ತುಂಬಿರುವುದು ಅದರಲ್ಲೇ. ಸಕ್ಕರೆ ನೀರು, ಬೀದಿಯಲ್ಲಿ ಮಾರಲು ಬರುವ ಕತ್ತೆ ಹಾಲು, ತೇಯ್ದ ಬಜೆ ಬೇಡ. ಜೇನುತುಪ್ಪವನ್ನಂತೂ ವರ್ಷ ತುಂಬುವವರೆಗೆ ನೆಕ್ಕಿಸಬಾರದು. ಕೂಸಿನ ಹೊಟ್ಟೆಯಲ್ಲಿ ವಿಷ ಉತ್ಪಾದಿಸುವ ಬ್ಯಾಕ್ಟೀರಿಯಾ ಅದರಲ್ಲಿ ಇರಬಹುದು. ಕೂಸು ಹಾಲು ಹಿಡಿಯದಿದ್ದರೆ, ಮಂಕಾಗಿ ಜೋತುಬಿದ್ದರೆ, ಮೈ ಸುಡುತ್ತಿದ್ದರೆ ಅಥವಾ ತಣ್ಣಗಿದ್ದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರೆಳೆದರೆ, ಅಂಗೈ-ಅಂಗಾಲು ಹಳದಿಯಾದರೆ, ಹೊಕ್ಕುಳಲ್ಲಿ ಕೀವು ಕಂಡರೆ ದೃಷ್ಟಿ ತೆಗೆಯುತ್ತ ಕೂರದೆ ಆಸ್ಪತ್ರೆಗೆ ಓಡಬೇಕು.

ತಾಯಿಗೆ ಊಟ, ನೀರು, ನಿದ್ದೆ

'ಹಸಿ ಬಾಣಂತಿ ಕನವ್ವ, ನೀರು ಕುಡಿದರೆ ಹೊಟ್ಟೆ ಬರ್ತದ' ಎನ್ನುವ ಮಾತನ್ನು ಕೇಳದ ಬಾಣಂತಿ ನಮ್ಮಲ್ಲಿ ವಿರಳ. ಹೆರಿಗೆಯಲ್ಲಿ ರಕ್ತ ಕಳೆದುಕೊಂಡು, ದಿನಕ್ಕೆ ಎಂಟು-ಹತ್ತು ಸಲ ಹಾಲೂಡಿಸುವ ಮೈಗೆ ನೀರು ತಪ್ಪಿಸಿದರೆ ಮಲಬದ್ಧತೆ, ಉರಿಮೂತ್ರ, ಸುಸ್ತು ಶುರುವಾಗುತ್ತವೆ. ದಾಹವಾದಾಗಲೆಲ್ಲ ಕಾಯಿಸಿ ಆರಿಸಿದ ನೀರು ಕುಡಿಯಲಿ. ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ಇರಲಿ. ಅವುಗಳ ಜೊತೆಗೆ ರಾಗಿ, ಹುರುಳಿ, ಮೊಟ್ಟೆ, ಹಾಲು, ಹಣ್ಣು ಸೇರಲಿ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಬಸಿರಿನಲ್ಲಿ ನುಂಗಿದಷ್ಟೇ ದಿನ, ಅಂದರೆ 180 ದಿನ, ಹೆರಿಗೆಯ ನಂತರವೂ ಕಬ್ಬಿಣಾಂಶದ ಮಾತ್ರೆ ನುಂಗಬೇಕು. ಅದನ್ನು ಕಾಫಿ-ಟೀ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ, ನಿಂಬೆಹಣ್ಣಿನ ಪಾನಕದ ಜೊತೆ ಚೆನ್ನಾಗಿ ಹತ್ತುತ್ತದೆ. 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಶುರುವಾದ ಮಾತೃಪೂರ್ಣ ಯೋಜನೆ ಬಸುರಿ-ಬಾಣಂತಿಯರಿಗೆ ಅಂಗನವಾಡಿಯ ಬಿಸಿಯೂಟ ಕೊಡಲೆಂದೇ ಬಂದದ್ದು. ಬಾಣಂತಿ ಹೊಸ್ತಿಲು ದಾಟಬಾರದೆಂಬ ಕಟ್ಟಿನಿಂದಾಗಿ ಅದನ್ನು ಕಳೆದುಕೊಳ್ಳುವ ತಾಯಂದಿರಿದ್ದಾರೆ.

ಆ ಕಟ್ಟು ಎಲ್ಲಿಗೆ ಮುಟ್ಟಬಹುದು ಎಂಬುದನ್ನು 2023ರ ಜುಲೈನಲ್ಲಿ ನಾಡು ಕಂಡಿದೆ. ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಊರಾಚೆಯ ಗುಡಿಸಲಿನಲ್ಲಿರಿಸಿದ್ದರು. ಮಳೆ-ಚಳಿಯಲ್ಲಿ ಆ ಕೂಸು ಉಳಿಯಲಿಲ್ಲ. ಪದ್ಧತಿಗಳೆಲ್ಲ ಹೀಗೇ ಎಂದು ನಾನು ಹೇಳುತ್ತಿಲ್ಲ. ನಮ್ಮ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಹೆಂಗಸರು ಕುಕ್ಕರುಗಾಲಲ್ಲಿ ಕೂತು ಹೆರುತ್ತಿದ್ದರು. 1981ರಲ್ಲಿ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಡಾ. ಎಚ್. ಸುದರ್ಶನ್ ಆ ಪದ್ಧತಿಯ ಒಳಿತನ್ನು ಗುರುತಿಸಿ ಹೇಳಿದರು. ಹೆರುವವಳು ತನಗೆ ಹಿತವೆನಿಸಿದ ಭಂಗಿಯಲ್ಲಿರಲಿ ಎಂದು ಇಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಪಾವಗಡದ ಸೂಲಗಿತ್ತಿ ನರಸಮ್ಮ ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಆದ್ದರಿಂದ ಹಳೆಯದನ್ನೆಲ್ಲ ಒಟ್ಟಿಗೆ ತಳ್ಳಬೇಕಿಲ್ಲ, ಒಟ್ಟಿಗೆ ಹೊರಬೇಕಾಗಿಯೂ ಇಲ್ಲ. ತಾಯಿಗೆ ವಿಶ್ರಾಂತಿ ಕೊಡುವ ಪದ್ಧತಿ ಉಳಿಯಲಿ, ಆಕೆಯನ್ನು ಒಂಟಿಯಾಗಿಸುವುದು ಹೋಗಲಿ.

ಒಂಟಿತನ ಮನಸ್ಸನ್ನೂ ಕೆಡಿಸುತ್ತದೆ. ಹೆರಿಗೆಯಾದ ಮೊದಲ ಕೆಲ ದಿನ ಅಳು ಬರುವುದು ಸಹಜ. ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಕೂಸು ಮಲಗಿದರೂ ತಾಯಿಗೆ ನಿದ್ದೆ ಹತ್ತದಿದ್ದರೆ, ಕೂಸಿನ ಮೇಲೆ ಮನಸ್ಸೇ ಹೋಗದಿದ್ದರೆ ಅದು ಕಾಯಿಲೆ, ಗಾಳಿಯಲ್ಲ, ಸೋಗಲ್ಲ. ಬೆಂಗಳೂರಿನ ನಿಮ್ಹಾನ್ಸ್ ಇಂಥ ತಾಯಂದಿರನ್ನು ಕೂಸಿನ ಸಮೇತ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವನ್ನು 2009ರಲ್ಲೇ ತೆರೆದಿದೆ. ಮನಸ್ಸಿನ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಕಾಸು ಬೇಕಿಲ್ಲ.

ಗಂಡನ ಮನೆಯ ಸರದಿ

ತವರಿನಲ್ಲಿ ಎಲ್ಲ ಚೆನ್ನಾಗಿ ನಡೆದರೂ ಎಡವುವುದು ಮರಳುವ ಹೊತ್ತಿನಲ್ಲಿ. ಪೆಂಟಾವೇಲೆಂಟ್ ಮತ್ತು ಅದರ ಜೊತೆಯ ಲಸಿಕೆಗಳು 6, 10 ಮತ್ತು 14ನೇ ವಾರಕ್ಕೆ ಬರುತ್ತವೆ. 14ನೇ ವಾರ ಎಂದರೆ ಮೂರು ತಿಂಗಳು ತುಂಬಿ ಕೆಲ ದಿನ. ಸರಿಯಾಗಿ ನಮ್ಮವರು ಒಳ್ಳೆಯ ದಿನ ನೋಡಿ ಸೊಸೆಯನ್ನು ಕರೆತರುವ ಕಾಲ. 'ಅಲ್ಲಿ ಹೋಗಿ ಹಾಕಿಸ್ತಾರೆ' ಎಂದು ತವರು, 'ಅಲ್ಲೇ ಹಾಕಿಸಿರ್ತಾರೆ' ಎಂದು ಗಂಡನ ಮನೆ. ಮೂರನೇ ಡೋಸ್ ಹೀಗೆ ತಪ್ಪುತ್ತದೆ. ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಚೊಚ್ಚಲ ಕೂಸಿಗೆ ಸಿಗುವ 5,000 ರೂಪಾಯಿಯ ಎರಡನೇ ಕಂತು, ಅಂದರೆ 2,000 ರೂಪಾಯಿ, ಬರುವುದೂ ಜನನ ನೋಂದಣಿಯಾಗಿ ಈ ಲಸಿಕೆಗಳ ಸುತ್ತು ಮುಗಿದ ಮೇಲೆಯೇ. ಮರಳುವ ದಿನ ಗೊತ್ತುಮಾಡುವಾಗ ಪಂಚಾಂಗದ ಪಕ್ಕದಲ್ಲಿ ತಾಯಿ ಕಾರ್ಡನ್ನೂ ತೆರೆದಿಟ್ಟುಕೊಳ್ಳಿ.

ಅಷ್ಟು ಹೊತ್ತಿಗೆ ಗಂಡನ ಮನೆಯೂ ಸಿದ್ಧವಾಗಿರಬೇಕು. ಇದು ಬಾಳೆ, ಅರಿಸಿನ, ಟೊಮೆಟೊ ಬೆಳೆಯುವ ಮನೆಗಳ ಸೀಮೆ. ಅಟ್ಟದ ಮೇಲೆ, ಮಂಚದ ಅಡಿ ಇಟ್ಟ ಔಷಧಿ ಡಬ್ಬಗಳು, ಸ್ಪ್ರೇಯರ್ ಎಲ್ಲವೂ ಮನೆಯಾಚೆ ಬೀಗದೊಳಗೆ ಹೋಗಲಿ. ಖಾಲಿ ಡಬ್ಬದಲ್ಲಿ ನೀರು-ಎಣ್ಣೆ ತುಂಬಿಡುವ ಅಭ್ಯಾಸ ನಿಲ್ಲಲಿ. ಔಷಧಿ ಹೊಡೆದು ಬಂದವರು ಮಿಂದು ಬಟ್ಟೆ ಬದಲಿಸಿಯೇ ಕೂಸನ್ನು ಮುಟ್ಟಲಿ. ಐದಾರು ತಿಂಗಳಿಗೆ ಕೂಸು ಮಗುಚುತ್ತದೆ, ಕೆಲವೇ ತಿಂಗಳಲ್ಲಿ ಅಂಬೆಗಾಲಿಡುತ್ತದೆ. ನೀರು ತುಂಬಿದ ಬಕೆಟ್, ತೆರೆದ ತೊಟ್ಟಿ, ನೆಲದ ಮೇಲಿನ ಒಲೆ ಅದಕ್ಕೆ ಸಿಗಬಾರದು.

ಬಂದ ಮರುದಿನವೇ ಸೊಸೆ ಕೊಟ್ಟಿಗೆ, ಒಲೆ, ಕೂಲಿ ಎಂದು ಮೊದಲಿನಂತೆ ದುಡಿಯಬೇಕಾದರೆ ಆರು ತಿಂಗಳ ಎದೆಹಾಲು ಬಾಯಿಮಾತಾಗಿ ಉಳಿಯುತ್ತದೆ. ಯಾರ ಕೆಲಸ ಯಾರಿಗೆ ಎಂಬುದನ್ನು ಗಂಡ, ಅತ್ತೆ, ಮಾವ ಆಕೆ ಬರುವ ಮೊದಲೇ ಹಂಚಿಕೊಂಡಿರಬೇಕು. ಮನೆಯಲ್ಲಿ ದೊಡ್ಡ ಮಗುವಿದ್ದರೆ ಅದನ್ನು ಮಲಗಿಸುವವರು, ಅಂಗನವಾಡಿಗೆ ಬಿಡುವವರು ಯಾರೆಂಬುದು ಅದಕ್ಕೂ ಮೊದಲೇ ರೂಢಿಯಾಗಲಿ. ಗಾರೆ ಕೆಲಸಕ್ಕೆ ಮೈಸೂರು-ಬೆಂಗಳೂರಿಗೆ ಹೋಗುವ ಹೆಂಗಸರು ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಬರೆಸಿದ್ದರೆ ಹೆರಿಗೆಗೆ ಸಹಾಯಧನವಿದೆ, ಅದನ್ನು ಕೇಳಿ ಪಡೆಯಲಿ.

ಎಲ್ಲಕ್ಕಿಂತ ಮೊದಲು ಅಣಿಯಾಗಬೇಕಾದದ್ದು ಮನೆಯವರ ಮಾತು. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಹೆಣ್ಣುಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ನಮಗೆ ಅಷ್ಟು ಹತ್ತಿರದಲ್ಲಿದೆ ಆ ರೋಗ. 'ಗಂಡಾಗಲಿ' ಎಂಬ ಹಾರೈಕೆ ಕೇಳುತ್ತ ಒಂಬತ್ತು ತಿಂಗಳು ಕಳೆದವಳಿಗೆ ಹೆಣ್ಣು ಹುಟ್ಟಿದರೆ, ಆಕೆ ಮರಳಿ ಬರುವ ಮನೆ ಎಷ್ಟು ಸಾರಿಸಿ ಸಿಂಗರಿಸಿದ್ದರೂ ಸಿದ್ಧವಾಗಿಲ್ಲ ಎಂದೇ ಅರ್ಥ.

ಇಷ್ಟನ್ನೂ ಮಾತಾಡಿಕೊಳ್ಳಲು ಬೇರೆ ದಿನ ಹುಡುಕಬೇಕಿಲ್ಲ. ಸೀಮಂತದ ದಿನ ಎರಡು ಮನೆಯವರೂ ಒಂದೇ ಸೂರಿನಡಿ ಇರುತ್ತಾರೆ. ಊಟವಾದ ಮೇಲೆ ಎಲೆ-ಅಡಿಕೆ ಹಾಕಿಕೊಳ್ಳುವ ಹೊತ್ತಿನಲ್ಲಿ, ಬಸುರಿಯನ್ನೂ ನಡುವೆ ಕೂರಿಸಿಕೊಂಡು, ಆಸ್ಪತ್ರೆ ಯಾವುದು, ಗಾಡಿ ಯಾರದು, ರಕ್ತ ಯಾರು ಕೊಡುತ್ತಾರೆ, ಬಾಣಂತಿ ಕೋಣೆಯಲ್ಲಿ ಏನು ಬೇಡ, 14ನೇ ವಾರದ ಚುಚ್ಚುಮದ್ದು ಯಾವ ಊರಲ್ಲಿ, ಮರಳಿದ ಮೇಲೆ ಯಾರ ಕೆಲಸ ಏನು ಎಂಬ ಆರು ಸಂಗತಿಗಳನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಎರಡು ಪ್ರತಿ ಮಾಡಿ, ಮನೆಗೊಂದು ಇಟ್ಟುಕೊಳ್ಳಿ. ಮಡಿಲು ತುಂಬುವ ಶಾಸ್ತ್ರಕ್ಕೆ ಇದನ್ನೂ ಸೇರಿಸಿಕೊಳ್ಳೋಣ.